ಡಿಸ್ಕ್ 'ಓಕೆ' ಅಂದರೆ ನಂಬಬೇಡಿ

ಮದುವೆ ಸೀಸನ್ ಮುಗಿಯುತ್ತಿದ್ದಂತೆ ನನ್ನ ಸರ್ವೀಸ್ ಅಂಗಡಿಗೆ ಫೋಟೋಗ್ರಾಫರ್‌ಗಳು ಬರಲು ಶುರುಮಾಡುತ್ತಾರೆ. ಮೊನ್ನೆ ಬಂದವರ 2 ಟಿಬಿ ಡಿಸ್ಕ್‌ನಲ್ಲಿ ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ ಬೇಕಿತ್ತು. "ಬಯೋಸ್‌ನಲ್ಲಿ ಸ್ಮಾರ್ಟ್ ಸ್ಟೇಟಸ್ ಓಕೆ ಅಂತಿದೆ ಸಾರ್, ವೈರಸ್ ಇರಬೇಕು ಅಲ್ವಾ?" ಅಂದರು.

ಈ 'ಓಕೆ' ಎಷ್ಟು ಜನರನ್ನು ಮುಳುಗಿಸಿದೆಯೋ! ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ವರದಿ. ಅದರಲ್ಲಿ ಒಂದೊಂದು ಅಳತೆಗೂ ನಂಬರ್ ಇರುವ ಒಂದು ಸಾಲು. ಆ ಒಂದೊಂದು ಅಳತೆಗೂ ಡಿಸ್ಕ್ ತಾನೇ ಅಂಕ ಕೊಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 100 ಅಥವಾ 200ರಿಂದ ಶುರುವಾಗಿ ಅದು ಕೆಳಗಿಳಿಯುತ್ತದೆ. ಕಂಪನಿ ಇಟ್ಟ ಗಡಿ ಮುಟ್ಟಿದರೆ ಮಾತ್ರ ಫೇಲ್. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡೇಟಾ ಇಡುವ ಪುಟ್ಟ ಪುಟ್ಟ ಜಾಗಗಳ) ಲೆಕ್ಕ ಇರುವುದು 197ನೇ ಸಾಲಿನಲ್ಲಿ. ಬಹಳಷ್ಟು ಡಿಸ್ಕ್‌ಗಳಲ್ಲಿ ಅದರ ಗಡಿಯೇ ಸೊನ್ನೆ. ಅಂದರೆ ಆ ವಿಷಯದಲ್ಲಿ ಡಿಸ್ಕ್ ಯಾವತ್ತೂ ಫೇಲ್ ಆಗುವುದಿಲ್ಲ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

ಹಾಗಾಗಿ ನಾನು ನೋಡುವುದು 'ರಾ ವ್ಯಾಲ್ಯೂ' ಕಾಲಂ ಮಾತ್ರ, ಅಂದರೆ ಅಂಕವಲ್ಲ, ನಿಜವಾದ ಎಣಿಕೆ. ಈ ವರದಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಅದರಲ್ಲಿ 197 'ಸಿ5' ಅಂತ ಕಾಣುತ್ತದೆ. ಅಲ್ಲಿ 18 ಅಂತಿತ್ತು. ಸುಮ್ನೆ ಹದಿನೆಂಟು ಅಂತ ಓದಬೇಡಿ, ಅದು ಹೆಕ್ಸ್ ಲೆಕ್ಕ, ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವುದು. ನಮ್ಮ ಲೆಕ್ಕದಲ್ಲಿ 24.

5ನೇ ಸಾಲು ಕೆಟ್ಟ ಸೆಕ್ಟರ್ ಬದಲಿಗೆ ಸ್ಪೇರ್ ಕೊಟ್ಟಿದ್ದರ ಲೆಕ್ಕ. ವರ್ಷಗಟ್ಟಲೆ 8ರಲ್ಲೇ ನಿಂತ ಡಿಸ್ಕ್‌ಗಳನ್ನು ನೋಡಿದ್ದೇನೆ. ಹೋದ ವಾರ 8 ಇದ್ದದ್ದು ಈ ವಾರ 40 ಆದರೆ ಮಾತ್ರ ಭಯ. 197 ಹಾಗಲ್ಲ. ಅದು ಈಗ, ಈ ಕ್ಷಣ ಓದಲಾಗದ ಜಾಗ. ಅಲ್ಲಿ ಯಾರದೋ ಧಾರೆಯ ಫೋಟೋ ಇರಬಹುದು. ಸರಿಪಡಿಸಲಾಗದ ತಪ್ಪುಗಳನ್ನು ಎಣಿಸುವ 187, 198ರಲ್ಲಿ ಅಂಕಿ ಕಂಡರೂ ನಾನು ಡಿಸ್ಕ್ ಬದಲಿಸಿ ಅಂತಲೇ ಹೇಳುತ್ತೇನೆ.

199 ಅಂದರೆ ಡೇಟಾ ಕೇಬಲ್‌ನಲ್ಲಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಅದು ಏರಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಹಳೆಯ ಲೆಕ್ಕ ಸೊನ್ನೆಗೆ ಮರಳುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಸೀಗೇಟ್ ಡಿಸ್ಕ್‌ಗಳಲ್ಲಿ ಒಂದನೇ ಸಾಲಿನ ದೈತ್ಯ ಸಂಖ್ಯೆ ನೋಡಿ ಹೆದರಿ ಓಡಿ ಬರುವವರಿದ್ದಾರೆ. ಅದರಲ್ಲಿ ಬಹುಪಾಲು ಎಷ್ಟು ಸಲ ಓದಿದೆ ಅನ್ನುವ ಎಣಿಕೆ, ತಪ್ಪುಗಳಲ್ಲ.

ಎಲ್ಲ ಸಾಲೂ ಸೊನ್ನೆಯಾಗಿದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. ಸಾವಿರಾರು ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಆನ್‌ಲೈನ್ ಬ್ಯಾಕಪ್ ಕಂಪನಿ 2016ರಲ್ಲಿ ಹೇಳಿದ ಪ್ರಕಾರ, ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 23ರಷ್ಟು 5, 187, 197, 198 ಮತ್ತು 188 (ಆದೇಶಕ್ಕೆ ಡಿಸ್ಕ್ ಸಮಯಕ್ಕೆ ಉತ್ತರಿಸದ ಲೆಕ್ಕ), ಈ ಐದೂ ಸಾಲುಗಳಲ್ಲಿ ಒಂದು ಸುಳಿವೂ ಕೊಟ್ಟಿರಲಿಲ್ಲ. 2007ರ ಗೂಗಲ್ ಅಧ್ಯಯನದಲ್ಲಿ, ಉಷ್ಣತೆ ಬಿಟ್ಟು ಬೇರೆ ಯಾವ ಸುಳಿವೂ ಇಲ್ಲದೆ ಹೋದವು ಶೇ. 36ಕ್ಕೂ ಹೆಚ್ಚು.

ಈಗ ನಮ್ಮ ಡಿಸ್ಕ್‌ಗೆ ಬರೋಣ. ಆ ಫೋಟೋಗ್ರಾಫರ್ ಹಿಂದಿನ ರಾತ್ರಿ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದ್ದರಂತೆ, ಅದೂ ಡಿಸ್ಕ್‌ನ ಮೂಲೆ ಮೂಲೆ ಓದಿಸುವ '/ಆರ್' ಹಾಕಿ. ಸಾಯುತ್ತಿರುವ ಡಿಸ್ಕ್‌ಗೆ ಇಡೀ ಮೈ ಪರೀಕ್ಷೆ ಮಾಡಿಸುವುದೆಂದರೆ ಎದೆನೋವಿನವರನ್ನು ಬೆಟ್ಟ ಹತ್ತಿಸಿದಂತೆ. ಪರೀಕ್ಷೆ, ರಿಪೇರಿ, ಡೀಫ್ರಾಗ್ ಎಲ್ಲ ಆಮೇಲೆ. ಮೊದಲು ಕಾಪಿ. ಅದರಲ್ಲೂ ಮತ್ತೆ ಸಿಗದ್ದು ಮೊದಲು: ಗ್ರಾಹಕರಿಗೆ ಇನ್ನೂ ಕೊಡದ ಮದುವೆಗಳು, ಮನೆಯ ಫೋಟೋ, ಲೆಕ್ಕಪತ್ರ. ಸಿನಿಮಾ ಫೋಲ್ಡರ್ ಕೊನೆಗೆ.

ಮುಖ್ಯ ಫೋಲ್ಡರ್‌ಗಳು ಹೇಗೋ ಬಂದವು. ಉಳಿದದ್ದಕ್ಕೆ ಕೆಟ್ಟ ಡಿಸ್ಕ್‌ನಿಂದ ಕಾಪಿ ಮಾಡುವ ಲಿನಕ್ಸ್‌ನ ಡಿಡಿರೆಸ್ಕ್ಯೂ ಹಚ್ಚಿದೆ. ಅದು ಸುಲಭಕ್ಕೆ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿಯವರೆಗೆ ಬಂತು ಅಂತ ಬರೆದಿಡಲು ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಲ್ಲಿಸಿದ ಕಡೆಯಿಂದ ಮುಂದುವರಿಸಬಹುದು. ನಮ್ಮೂರಲ್ಲಿ ಅದು ಸಣ್ಣ ಉಪಕಾರವಲ್ಲ. 'ಟಕ್ ಟಕ್' ಸದ್ದು ಬರುವ ಡಿಸ್ಕ್ ಆಗಿದ್ದರೆ ನಾನು ಇದಕ್ಕೂ ಕೈ ಹಾಕುತ್ತಿರಲಿಲ್ಲ. ಆಫ್ ಮಾಡಿ, ಡಿಸ್ಕ್ ಬಿಚ್ಚಲು ಧೂಳಿಲ್ಲದ ಕ್ಲೀನ್ ರೂಮ್ ಇರುವ ಕಡೆ ಕಳಿಸುತ್ತಿದ್ದೆ.

ಮೂರನೇ ದಿನಕ್ಕೆ ಏಳು ಫೋಟೋ ಬಿಟ್ಟು ಎಲ್ಲ ಬಂತು. ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿದಾಗ 197 ಸೊನ್ನೆ ಆಯಿತು, 5ನೇ ಸಾಲು ಏರಿತು. "ನೋಡಿ, ಸರಿಹೋಯ್ತಲ್ವಾ!" ಅಂತ ಅವರು ಅದನ್ನು ವಾಪಸ್ ಒಯ್ಯಲು ಎದ್ದರು. ಕೊಡಲಿಲ್ಲ ನಾನು. ಅಂಗಡಿಯಲ್ಲಿ ವಿಂಡೋಸ್ ಇನ್‌ಸ್ಟಾಲರ್ ಇಟ್ಟುಕೊಳ್ಳಲು ಬಳಸುತ್ತಿದ್ದೇನೆ.