ಪ್ರಿಪ್ರಿಂಟ್: ಪರಿಶೀಲನೆಗೆ ಮೊದಲೇ ಸುದ್ದಿಯಾಗುವ ಸಂಶೋಧನೆ

ವಿಜ್ಞಾನದ ಸುದ್ದಿಗಳ ಕೊನೆಯಲ್ಲಿ, ಅದೂ ಕೆಲವು ವರದಿಗಳಲ್ಲಿ ಮಾತ್ರ, ‘ಈ ಅಧ್ಯಯನ ಸದ್ಯಕ್ಕೆ ಪ್ರಿಪ್ರಿಂಟ್ ರೂಪದಲ್ಲಿದೆ’ ಎಂಬ ಒಂದು ಸಾಲು ಇರುತ್ತದೆ. ಓದುಗರು ಆ ಸಾಲನ್ನು ತಲುಪುವ ಹೊತ್ತಿಗೆ ಸುದ್ದಿಯ ಬಗ್ಗೆ ಅಭಿಪ್ರಾಯವೊಂದನ್ನು ತಳೆದಾಗಿರುತ್ತದೆ; ಹಲವರು ಅದನ್ನು ನಾಲ್ಕು ಜನರಿಗೆ ಹೇಳಿಯೂ ಆಗಿರುತ್ತದೆ. ಮೇಲಿನ ಇಡೀ ವರದಿಯನ್ನು ಎಷ್ಟು ನಂಬಬೇಕು, ಯಾವ ದನಿಯಲ್ಲಿ ಪ್ರತಿಕ್ರಿಯಿಸಬೇಕು ಎಂಬುದೆಲ್ಲ ಆ ಒಂದು ಪದದ ಮೇಲೆ ನಿಂತಿರುವುದರಿಂದ, ಅದು ಇರಬೇಕಾದ ಜಾಗ ಮೊದಲ ಪ್ಯಾರಾ ಎಂಬುದು ನನ್ನ ಅಭಿಪ್ರಾಯ.

ಸಂಶೋಧಕರು ತಮ್ಮ ಪ್ರಬಂಧವನ್ನು ಯಾವುದೇ ಸಂಶೋಧನಾ ಪತ್ರಿಕೆ ಪರಿಶೀಲಿಸಿ ಒಪ್ಪಿಕೊಳ್ಳುವುದಕ್ಕೆ ಮೊದಲೇ, ಯಾರು ಬೇಕಾದರೂ ಉಚಿತವಾಗಿ ಓದಿಕೊಳ್ಳುವಂತೆ ಸಾರ್ವಜನಿಕ ಸಂಗ್ರಹವೊಂದರಲ್ಲಿ ಇರಿಸಿದಾಗ, ಆ ಪ್ರತಿಯನ್ನು ಪ್ರಿಪ್ರಿಂಟ್ ಎನ್ನುತ್ತಾರೆ. ಸಾಮಾನ್ಯ ಕ್ರಮದಲ್ಲಿ ಪತ್ರಿಕೆಗೆ ಕಳುಹಿಸಿದ ಪ್ರಬಂಧವನ್ನು ಸಂಪಾದಕರು ಅದೇ ವಿಷಯದ ಎರಡು ಮೂರು ಪರಿಣತರಿಗೆ ಕಳುಹಿಸುತ್ತಾರೆ. ಅವರು ಬಹುಮಟ್ಟಿಗೆ ಸಂಭಾವನೆಯಿಲ್ಲದೆ ಅದನ್ನು ಓದಿ, ಆಕ್ಷೇಪಗಳನ್ನು ಬರೆದು, ತಿದ್ದುಪಡಿಗಳನ್ನು ಕೇಳುತ್ತಾರೆ. ಪೀರ್ ರಿವ್ಯೂ ಎಂದು ಕರೆಯುವ ಈ ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ. ಕೆಲವೊಮ್ಮೆ ವರ್ಷ ದಾಟುವುದೂ ಉಂಟು. ಪ್ರಿಪ್ರಿಂಟ್ ಈ ಕಾಯುವಿಕೆಯನ್ನು ತಪ್ಪಿಸುತ್ತದೆ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಅದು ಹೂಡಲಾದ ದಾವೆ. ತೀರ್ಪು ಇನ್ನೂ ಬಂದಿಲ್ಲ, ಆದರೆ ವಾದಪತ್ರ ಎಲ್ಲರ ಕಣ್ಣಮುಂದಿದೆ.

ಈ ಪದ್ಧತಿ ಅಂತರ್ಜಾಲಕ್ಕಿಂತ ಹಳೆಯದು. ಭೌತವಿಜ್ಞಾನಿಗಳು ಮುದ್ರಣಕ್ಕೆ ಮೊದಲೇ ತಮ್ಮ ಪ್ರಬಂಧಗಳ ಪ್ರತಿಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುತ್ತಿದ್ದರು. ದೊಡ್ಡ ಸಂಸ್ಥೆಗಳ ವಿಳಾಸಪಟ್ಟಿಯಲ್ಲಿ ಹೆಸರಿದ್ದವರಿಗೆ ಪ್ರತಿ ಸಿಗುತ್ತಿತ್ತು, ಇಲ್ಲದವರು ಪತ್ರಿಕೆಯ ಸಂಚಿಕೆ ಗ್ರಂಥಾಲಯಕ್ಕೆ ಬರುವ ತನಕ ಕಾಯಬೇಕಿತ್ತು. 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಾಮಸ್ ಪ್ರಯೋಗಾಲಯದಲ್ಲಿದ್ದ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಈ ಹಂಚಿಕೆಯನ್ನು ಕಂಪ್ಯೂಟರಿಗೆ ವಹಿಸಿದರು. ಅದೇ ಮುಂದೆ ಆರ್ಕೈವ್ ಎಂಬ ಸಂಗ್ರಹವಾಗಿ ಬೆಳೆದು, 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ ಆರಂಭವಾದವು. ಇಲ್ಲಿಗೆ ಬರುವ ಪ್ರಬಂಧ ವಿಷಯಕ್ಕೆ ಸಂಬಂಧಿಸಿದೆಯೇ, ಸಂಶೋಧನಾ ಬರಹದ ರೂಪದಲ್ಲಿದೆಯೇ ಎಂಬಂಥ ಪ್ರಾಥಮಿಕ ಸಂಗತಿಗಳನ್ನು ನಿರ್ವಾಹಕರು ನೋಡುತ್ತಾರೆ. ಒಳಗಿನ ಹೇಳಿಕೆ ಸರಿಯೇ ತಪ್ಪೇ ಎಂಬುದನ್ನು ಅವರು ನೋಡುವುದಿಲ್ಲ. ನೋಡುತ್ತೇವೆಂದು ಹೇಳಿಕೊಂಡೂ ಇಲ್ಲ.

ಆರ್ಕೈವ್‌ನ ಪ್ರತಿ ಪ್ರಬಂಧಕ್ಕೂ ಒಂದು ಸಂಖ್ಯೆ ಇರುತ್ತದೆ. 1807.08572 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಮೊದಲ ಎರಡು ಅಂಕಿಗಳು 2018 ಎಂಬ ವರ್ಷವನ್ನೂ ಮುಂದಿನ ಎರಡು ಜುಲೈ ತಿಂಗಳನ್ನೂ ಸೂಚಿಸುತ್ತವೆ. ಚುಕ್ಕಿಯ ನಂತರದ್ದು ಆ ತಿಂಗಳ ಕ್ರಮಸಂಖ್ಯೆ. ಈ ಸಂಖ್ಯೆಯ ಪ್ರಬಂಧ ಹೋದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಅವರು, ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿ ತಯಾರಿಸಿದ ವಸ್ತುವೊಂದು ಸಾಮಾನ್ಯ ಒತ್ತಡದಲ್ಲಿಯೇ, ಸುಮಾರು ಸೊನ್ನೆಗಿಂತ 37 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ, ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಅದರಲ್ಲಿ ವರದಿ ಮಾಡಿದ್ದರು. ವಿದ್ಯುತ್ತಿಗೆ ಕಿಂಚಿತ್ತೂ ತಡೆಯೊಡ್ಡದ ಸೂಪರ್‌ಕಂಡಕ್ಟರ್‌ಗಳನ್ನು ಸಾಮಾನ್ಯವಾಗಿ ದ್ರವ ಹೀಲಿಯಂ ಅಥವಾ ದ್ರವ ಸಾರಜನಕದಲ್ಲಿ ತಂಪಾಗಿಸಬೇಕಾಗುತ್ತದೆ. ಹಾಗಿರುವಾಗ ಈ ಹೇಳಿಕೆ ಎಷ್ಟು ದೊಡ್ಡದು ಎಂಬುದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ನಮ್ಮಲ್ಲಿ ಕೆಲವರು ನೊಬೆಲ್ ಬಹುಮಾನದ ಮಾತನ್ನು ಆಗಲೇ ಎತ್ತಿದ್ದರು.

ಮುಂದಿನ ತಿಂಗಳೇ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಬ್ರಯನ್ ಸ್ಕಿನ್ನರ್ ಎಂಬ ಯುವ ಭೌತವಿಜ್ಞಾನಿ ಅದೇ ಆರ್ಕೈವ್‌ನಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಅವರು ಹಿಡಿದ ಅಂಶವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ವಸ್ತುವಿನ ಕಾಂತೀಯ ಗುಣವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದಾಗ ಬರುವ ಬಿಂದುಗಳು ನಕ್ಷೆಯ ಮೇಲೆ ನಯವಾದ ಗೆರೆಯಾಗಿ ಕೂರುವುದಿಲ್ಲ. ಉಪಕರಣದ ಮತ್ತು ಸುತ್ತಲಿನ ಪರಿಸರದ ಆಕಸ್ಮಿಕ ಏರಿಳಿತಗಳಿಂದ ಅವು ಅಲ್ಲೊಂದಿಷ್ಟು ಮೇಲೆ, ಇಲ್ಲೊಂದಿಷ್ಟು ಕೆಳಗೆ ಜರುಗಿರುತ್ತವೆ. ವಿಜ್ಞಾನಿಗಳು ಇದನ್ನು ನಾಯ್ಸ್ ಎನ್ನುತ್ತಾರೆ. ಅದು ಆಕಸ್ಮಿಕವಾದದ್ದರಿಂದ ಎರಡು ಸಲದ ಅಳತೆಯಲ್ಲಿ ಒಂದೇ ರೀತಿ ಬರಬಾರದು. ಪ್ರಬಂಧದ ಒಂದು ಚಿತ್ರದಲ್ಲಿ, ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದದ್ದೆಂದು ತೋರಿಸಿದ ಹಸಿರು ಬಿಂದುಗಳ ಸಾಲು ಮತ್ತು ನೀಲಿ ಬಿಂದುಗಳ ಸಾಲನ್ನು ಹೋಲಿಸಿದರೆ, ಒಂದನ್ನು ಕೊಂಚ ಸರಿಸಿದರೆ ಇನ್ನೊಂದರ ಮೇಲೆ ಕೂರುವಷ್ಟು ಅವುಗಳ ನಡುಕ ಒಂದೇ ತೆರನಾಗಿತ್ತು. ಸೂಪರ್‌ಕಂಡಕ್ಟರ್ ಆದ ಗುರುತಾಗಿ ಗೆರೆ ಎಲ್ಲಿ ಕುಸಿಯುತ್ತದೆ ಎಂದು ಜಗತ್ತೆಲ್ಲ ನೋಡುತ್ತಿದ್ದಾಗ, ಒಬ್ಬರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ನಡುಕವನ್ನು ನೋಡಿದ್ದರು.

ಈ ಟಿಪ್ಪಣಿ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಇದು ವಿವರಣೆ ಬೇಡುವ ಸಂಗತಿ ಎಂದಷ್ಟೇ ಹೇಳಿತು. ಪ್ರಿಪ್ರಿಂಟ್‌ಗೆ ಹೇಗೆ ಪ್ರತಿಕ್ರಿಯಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋಚುವುದಿಲ್ಲ. ಬೆಂಗಳೂರಿನ ತಂಡ ತನ್ನ ಫಲಿತಾಂಶಕ್ಕೆ ಬದ್ಧವಾಗಿ ನಿಂತು, 2019ರ ಮೇ ತಿಂಗಳಲ್ಲಿ ಇನ್ನಷ್ಟು ಲೇಖಕರೊಂದಿಗೆ, ಬದಲಾದ ಶೀರ್ಷಿಕೆಯಲ್ಲಿ, ಹೆಚ್ಚಿನ ಅಳತೆಗಳಿರುವ ಪರಿಷ್ಕೃತ ಆವೃತ್ತಿಯನ್ನು ಅದೇ ಸಂಖ್ಯೆಯಡಿ ಇರಿಸಿತು. ಆದರೂ ಬೇರೆ ಪ್ರಯೋಗಾಲಯಗಳು ಸ್ವತಂತ್ರವಾಗಿ ಮಾಡಿ ನೋಡಿ ಒಪ್ಪಿಕೊಂಡ ಫಲಿತಾಂಶವಾಗಿ ಅದು ನೆಲೆಗೊಳ್ಳಲಿಲ್ಲ. ಮೊದಲ ದಿನ ಸಂಭ್ರಮಿಸಿದ ವರದಿಗಳನ್ನು ಓದಿದವರಲ್ಲಿ ಎಷ್ಟು ಜನ ಈ ಮುಂದುವರಿದ ಕಥೆಯನ್ನು ಬಲ್ಲರು?

ಐದು ವರ್ಷಗಳ ಬಳಿಕ ಅದೇ ನಾಟಕ ದೊಡ್ಡ ರಂಗದಲ್ಲಿ ನಡೆಯಿತು. 2023ರ ಜುಲೈ 22ರಂದು ದಕ್ಷಿಣ ಕೊರಿಯಾದ ಸಂಶೋಧಕರು ಒಂದೇ ದಿನ ಎರಡು ಪ್ರಿಪ್ರಿಂಟ್‌ಗಳನ್ನು ಆರ್ಕೈವ್‌ಗೆ ಸಲ್ಲಿಸಿ, ಸೀಸ, ತಾಮ್ರ, ರಂಜಕಗಳಿಂದ ಮಾಡಿದ ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲಷ್ಟೇ ಅಲ್ಲದೆ ನೀರು ಕುದಿಯುವ ಬಿಂದುವನ್ನು ದಾಟಿದ ಮೇಲೂ ಸೂಪರ್‌ಕಂಡಕ್ಟರ್ ಆಗಿರುತ್ತದೆ ಎಂದು ಪ್ರಕಟಿಸಿದರು. ತಯಾರಿಕೆಯ ವಿಧಾನ ಸರಳವಾಗಿದ್ದುದರಿಂದ, ಬೇಕಾದ ಪುಡಿಗಳನ್ನು ಕುಲುಮೆಯಲ್ಲಿ ಕಾಯಿಸಿ ಪರೀಕ್ಷಿಸಲು ಹಲವು ದೇಶಗಳ ಪ್ರಯೋಗಾಲಯಗಳು ಕೂಡಲೇ ಮುಂದಾದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಅವುಗಳಲ್ಲೊಂದು, ಮತ್ತು ಅಲ್ಲಿಯ ಮಾದರಿ ಸೂಪರ್‌ಕಂಡಕ್ಟರ್ ಆಗಿರಲಿಲ್ಲ. ಕಾಂತದ ಮೇಲೆ ಅರ್ಧ ತೇಲಿ ಅರ್ಧ ತಾಗಿಕೊಂಡು ನಿಂತ ಬೂದು ಚೂರಿನ ವಿಡಿಯೊ ಜಗತ್ತಿನೆಲ್ಲೆಡೆ ಹರಿದಾಡಿತು. ಕೊರಿಯಾದ ಷೇರುಪೇಟೆಯಲ್ಲಿ ಸೂಪರ್‌ಕಂಡಕ್ಟರ್ ಹೆಸರಿನ ನಂಟಿದ್ದ ಕಂಪನಿಗಳ ಬೆಲೆ ಜಿಗಿಯಿತು. ಆಗಸ್ಟ್ ಮಧ್ಯದ ಹೊತ್ತಿಗೆ ಗುಟ್ಟು ಬಯಲಾಗಿತ್ತು. ಮಾದರಿಯಲ್ಲಿ ಕಲಬೆರಕೆಯಾಗಿ ಉಳಿದಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿಯಲ್ಲಿ ತನ್ನ ರಚನೆಯನ್ನೇ ಬದಲಿಸಿಕೊಳ್ಳುತ್ತದೆ, ಆಗ ವಿದ್ಯುತ್ ತಡೆ ಹಠಾತ್ತನೆ ಇಳಿಯುತ್ತದೆ. ಕೊರಿಯಾದ ತಂಡ ಕಂಡ ಇಳಿತವೂ ಅದೇ ಉಷ್ಣತೆಯಲ್ಲಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲಬೆರಕೆಯಿಲ್ಲದ ಹರಳನ್ನು ಬೆಳೆಸಿದಾಗ, ಅದು ವಿದ್ಯುತ್ತನ್ನು ಹರಿಯಗೊಡದ ನಿರೋಧಕವೆಂದು ತಿಳಿಯಿತು.

ಈ ಪ್ರಕರಣದಲ್ಲಿ ವಿಜ್ಞಾನ ಸೋತಿತೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ಹೇಳಿಕೆ ಹುಟ್ಟಿ, ಜಗತ್ತಿನೆದುರಿನಲ್ಲೇ ಪರೀಕ್ಷೆಗೊಳಗಾಗಿ, ಯಾಕೆ ತಪ್ಪಾಯಿತೆಂಬ ಕಾರಣದ ಸಮೇತ ಬಿದ್ದುಹೋದದ್ದು ಪ್ರಿಪ್ರಿಂಟ್ ಪದ್ಧತಿಯ ಬಲ. ಸೋತವರು ಯಾರಾದರೂ ಇದ್ದರೆ, ಮೊದಲ ವಾರದಲ್ಲೇ ಹೊಸ ಯುಗದ ಉದಯವನ್ನು ಘೋಷಿಸಿದವರು ಮತ್ತು ಪ್ರಬಂಧವನ್ನು ತೆರೆದೂ ನೋಡದೆ ಮೋಸವೆಂದು ಜರೆದವರು. ಈ ಇಬ್ಬರೂ ತೀರ್ಪಿಲ್ಲದ ಜಾಗದಲ್ಲಿ ತೀರ್ಪು ಕೊಟ್ಟಿದ್ದರು.

ಆರೋಗ್ಯದ ವಿಷಯಕ್ಕೆ ಬಂದರೆ ಇಷ್ಟು ನಿರಾಳವಾಗಿ ಮಾತನಾಡಲಾಗದು. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು ಹೊಸ ಕೊರೊನಾ ವೈರಸ್ಸಿನ ಮುಳ್ಳಿನಂಥ ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ನಾಲ್ಕು ತುಣುಕುಗಳಿವೆ ಎಂಬ ಪ್ರಿಪ್ರಿಂಟನ್ನು ಬಯೋಆರ್ಕೈವ್‌ನಲ್ಲಿ ಇರಿಸಿತು. ಅಷ್ಟು ಚಿಕ್ಕ ತುಣುಕುಗಳು ಎಷ್ಟೋ ಬೇರೆ ಜೀವಿಗಳಲ್ಲೂ ಸಿಗುತ್ತವೆ ಎಂದು ಪರಿಣತರು ತೋರಿಸಿಕೊಟ್ಟ ಮೇಲೆ ಲೇಖಕರೇ ಎರಡು ಮೂರು ದಿನಗಳಲ್ಲಿ ಅದನ್ನು ಹಿಂಪಡೆದರು. ಆದರೆ ವೈರಸ್ಸನ್ನು ಯಾರೋ ಪ್ರಯೋಗಾಲಯದಲ್ಲಿ ಹೊಲಿದು ಮಾಡಿದ್ದಾರೆ ಎಂಬ ವದಂತಿಗೆ ಅಷ್ಟರಲ್ಲಿ ಬೇಕಾದ ಮೇವು ಸಿಕ್ಕಿಯಾಗಿತ್ತು. ಆ ಬಳಿಕ ಬಯೋಆರ್ಕೈವ್, ಇಲ್ಲಿರುವ ಪ್ರಬಂಧಗಳನ್ನು ಖಚಿತ ಮಾಹಿತಿಯೆಂದು ಸುದ್ದಿ ಮಾಡಬಾರದು ಎಂಬ ಎಚ್ಚರಿಕೆಯನ್ನು ಪುಟದ ನೆತ್ತಿಯಲ್ಲೇ ಹಾಕಿತು.

ಹಾಗೆಂದು ‘ಬರೀ ಪ್ರಿಪ್ರಿಂಟ್ ತಾನೇ’ ಎಂದು ಮೂಗು ಮುರಿಯುವುದೂ ಅಷ್ಟೇ ತಪ್ಪು. ಗಣಿತದಲ್ಲಿ ಸುಮಾರು ನೂರು ವರ್ಷ ಬಗೆಹರಿಯದೆ ಉಳಿದಿದ್ದ ಪಾಂಕಾರೆ ಊಹೆ ಎಂಬ ಸಮಸ್ಯೆಗೆ ರಷ್ಯಾದ ಗ್ರಿಗೊರಿ ಪೆರೆಲ್‌ಮನ್ 2002 ಮತ್ತು 2003ರಲ್ಲಿ ಕೊಟ್ಟ ರುಜುವಾತು ಇಂದಿಗೂ ಆರ್ಕೈವ್‌ನ ಮೂರು ಪ್ರಿಪ್ರಿಂಟ್‌ಗಳಾಗಿಯೇ ಇದೆ. ಅವರು ಅದನ್ನು ಯಾವ ಪತ್ರಿಕೆಗೂ ಕೊಡಲಿಲ್ಲ. ಬೇರೆ ಗಣಿತಜ್ಞರು ವರ್ಷಗಟ್ಟಲೆ ಕೂತು ಸಾಲು ಸಾಲಾಗಿ ಪರಿಶೀಲಿಸಿ ಸರಿಯೆಂದು ಒಪ್ಪಿದರು. ಪತ್ರಿಕೆಯ ಪರಿಣತರು ಮಾಡುವುದಕ್ಕಿಂತ ಹೆಚ್ಚಿನ ಪರಿಶೀಲನೆ ಅದು. ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವನ್ನೂ ಹತ್ತು ಲಕ್ಷ ಡಾಲರಿನ ಬಹುಮಾನವನ್ನೂ ಅವರು ನಿರಾಕರಿಸಿದ್ದು ಬೇರೆ ಕಥೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಕಂಪ್ಯೂಟರ್ ವೇಗವಾಗಿ, ಖಚಿತವಾಗಿ ನಿರ್ಧರಿಸಬಲ್ಲ ವಿಧಾನವನ್ನು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಕಂಡುಹಿಡಿದಾಗಲೂ ಹೀಗೆಯೇ ಆಯಿತು: 2002ರ ಆಗಸ್ಟ್‌ನಲ್ಲಿ ಪ್ರಿಪ್ರಿಂಟ್ ಹಂಚಿಕೆಯಾಗಿ, ಪರಿಣತರು ದಿನಗಳಲ್ಲಿ ಅದನ್ನು ಒಪ್ಪಿದರು, ಪತ್ರಿಕೆಯಲ್ಲಿ ಮುದ್ರಣವಾದದ್ದು 2004ರಲ್ಲಿ.

ಇನ್ನೊಂದು ಕಡೆ, ಪರಿಶೀಲನೆ ದಾಟಿ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಅಚ್ಚಾದವೂ ಮುರಿದುಬಿದ್ದಿವೆ. ಅಮೆರಿಕದ ರಂಗ ಡಯಾಸ್ ಅವರ ತಂಡ ಸೂಪರ್‌ಕಂಡಕ್ಟರ್ ಬಗೆಗೇ ನೇಚರ್ ಪತ್ರಿಕೆಯಲ್ಲಿ 2020 ಮತ್ತು 2023ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳನ್ನು ಪತ್ರಿಕೆ ಕ್ರಮವಾಗಿ 2022 ಮತ್ತು 2023ರಲ್ಲಿ ಹಿಂತೆಗೆದುಕೊಂಡಿತು. ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆ 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಒಂದು ಭಾಗವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಅದರ ದತ್ತಾಂಶದ ಮೂಲವನ್ನು ಯಾರಿಗೂ ಪರಿಶೀಲಿಸಲಾಗದೆ ಹೋದುದರಿಂದ ಎರಡೇ ವಾರಗಳಲ್ಲಿ ಪ್ರಬಂಧ ವಾಪಸಾಯಿತು. ಪರಿಶೀಲಕರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ, ಬರೆದು ಕೊಟ್ಟದ್ದನ್ನು ಓದುತ್ತಾರೆ ಅಷ್ಟೆ. ಹೀಗಾಗಿ ಪ್ರಿಪ್ರಿಂಟ್ ಎಂಬ ಪದ, ಒಂದು ಹೇಳಿಕೆ ಯಾವ ಹಂತದಲ್ಲಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅದರ ಗುಣವನ್ನಲ್ಲ.

ಗುಣವನ್ನು ಪ್ರಬಂಧದೊಳಗೇ ಹುಡುಕಬೇಕು. ಬ್ರಿಟನ್ನಿನಲ್ಲಿ ರಿಕವರಿ ಎಂಬ ಹೆಸರಿನ ಔಷಧ ಪ್ರಯೋಗ ನಡೆಸಿದವರು ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಕೋವಿಡ್ ರೋಗಿಗಳ ಪ್ರಾಣ ಉಳಿಸುತ್ತದೆಂದು 2020ರ ಜೂನ್ 16ರಂದು ಘೋಷಿಸಿ, 22ರಂದು ಪ್ರಿಪ್ರಿಂಟ್ ಹೊರತಂದರು. ಪತ್ರಿಕೆಯಲ್ಲಿ ಬಂದದ್ದು ಜುಲೈ ತಿಂಗಳಲ್ಲಿ. ಪ್ರಿಪ್ರಿಂಟ್ ತೆರೆದು ನೋಡಿದವರಿಗೆ ಅಲ್ಲಿ ಕಂಡದ್ದು ಆರು ಸಾವಿರಕ್ಕೂ ಹೆಚ್ಚು ರೋಗಿಗಳು. ಯಾರಿಗೆ ಔಷಧ, ಯಾರಿಗೆ ಮಾಮೂಲಿ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ವೆಂಟಿಲೇಟರ್‌ನಲ್ಲಿದ್ದವರ ಸಾವಿನ ಪ್ರಮಾಣ ಶೇ 41ರಿಂದ ಶೇ 29ಕ್ಕೆ ಇಳಿದಿತ್ತು. ಆಮ್ಲಜನಕದ ನೆರವೇ ಬೇಡವಾಗಿದ್ದವರಿಗೆ ಔಷಧದಿಂದ ಪ್ರಯೋಜನ ಕಂಡಿರಲಿಲ್ಲ, ಆ ಮಾತನ್ನೂ ಲೇಖಕರು ಮುಚ್ಚಿಡದೆ ಹೇಳಿದ್ದರು. ಯಾರಿಗೆ ಫಲ ಕೊಡಲಿಲ್ಲ ಎಂಬುದನ್ನೂ ಬರೆಯುವ ಪ್ರಬಂಧದ ಬಗ್ಗೆ ನನಗೆ ಭರವಸೆ ಹೆಚ್ಚು. ಬ್ರಿಟನ್ನಿನ ವೈದ್ಯರು ಪ್ರಿಪ್ರಿಂಟಿಗೂ ಕಾಯದೆ ಚಿಕಿತ್ಸೆಯನ್ನು ಬದಲಿಸಿದ್ದರು, ಅವರು ಮಾಡಿದ್ದು ಸರಿಯಾಗಿತ್ತು.

ಆದ್ದರಿಂದ ಪ್ರಿಪ್ರಿಂಟ್ ಆಧಾರದ ಸುದ್ದಿಗೆ ಅಭಿಪ್ರಾಯವನ್ನೇ ಹೇಳಬಾರದು ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಎಷ್ಟು ಮಾದರಿಗಳನ್ನು ಪರೀಕ್ಷಿಸಿದ್ದಾರೆ, ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ, ಅಳತೆಗಳ ಮೂಲ ಅಂಕಿಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆಯೇ, ಬೇರೆ ಯಾರಾದರೂ ಮಾಡಿ ನೋಡಿದ್ದಾರೆಯೇ ಎಂದು ಕೇಳುವ ಅಭಿಪ್ರಾಯ, ವಿಜ್ಞಾನಿಯದ್ದಲ್ಲದಿದ್ದರೂ, ಉಪಯುಕ್ತವೇ. ನಮ್ಮ ಪತ್ರಿಕೆಗಳು ‘ಅಧ್ಯಯನವೊಂದು ಹೇಳಿದೆ’ ಎಂಬ ಸಿದ್ಧ ಮಾತನ್ನು ಬಿಟ್ಟು, ಪ್ರಬಂಧ ಯಾವ ಸಂಗ್ರಹದಲ್ಲಿದೆ, ಎಷ್ಟನೆಯ ಆವೃತ್ತಿಯನ್ನು ತಾವು ಓದಿದ್ದು ಎಂಬುದನ್ನು ಬರೆದರೆ ಓದುಗರಿಗೆ ಅರ್ಧ ಕೆಲಸ ಸುಲಭವಾಗುತ್ತದೆ. ಆರ್ಕೈವ್‌ನ ಪುಟದಲ್ಲಿ ಪ್ರತಿ ಆವೃತ್ತಿಯೂ ಸಲ್ಲಿಕೆಯಾದ ದಿನಾಂಕದೊಡನೆ ಉಳಿದಿರುತ್ತದೆ. ಲೇಖಕರು ಪ್ರಬಂಧವನ್ನು ಹಿಂಪಡೆದರೂ ಹಳೆಯ ಪ್ರತಿ ಅಳಿಯದೆ, ಹಿಂಪಡೆದ ಟಿಪ್ಪಣಿಯೊಂದಿಗೆ ಅಲ್ಲಿಯೇ ಇರುತ್ತದೆ. ಸುದ್ದಿಯ ವರದಿಗಳಿಗೂ ಅಂಥದ್ದೊಂದು ಪಟ್ಟಿ ಇದ್ದಿದ್ದರೆ, 2018ರ ಜುಲೈನ ಬೆಂಗಳೂರಿನ ಸುದ್ದಿಯ ಕೆಳಗೆ ಅದೇ ಆಗಸ್ಟ್‌ನ ಟಿಪ್ಪಣಿಗೂ 2019ರ ಮೇ ತಿಂಗಳ ಆವೃತ್ತಿಗೂ ಒಂದೊಂದು ಸಾಲು ಸೇರಿರುತ್ತಿತ್ತು.