ಮುಂಬೈ ಭಟ್ಟಿಗಳ ಸೌದೆ ಜಗಳ ಶುರುವಾದದ್ದೆಲ್ಲಿಂದ?

ಮುಂಬೈಯ ಪಾವ್ ಭಟ್ಟಿ (ಪಾವ್ ಬ್ರೆಡ್ ಬೇಯಿಸುವ ಇಟ್ಟಿಗೆಯ ಗೂಡು), ಹೋಟೆಲ್ ತಂದೂರುಗಳಿಗೆ ಸೌದೆ, ಇದ್ದಿಲು ಬೇಡ ಎಂದು 2025ರಲ್ಲಿ ಹೈಕೋರ್ಟು, ಪಾಲಿಕೆಯ ಆದೇಶ ಬಂದಾಗಿನಿಂದ ವಾದ ನಿಂತಿಲ್ಲ. ರುಚಿ ಕೆಡುತ್ತೆ ಅಂತ ಬೇಕರಿಯವರು, ಹೊಗೆ ಕುಡಿದು ಸಾಕಾಯ್ತು ಅಂತ ಅಕ್ಕಪಕ್ಕದವರು. ತಂದೂರಿ ರೊಟ್ಟಿಯನ್ನೂ ಮಾರುವ ನಮ್ಮ ಕರಾವಳಿ ಕಡೆಯ ಹೋಟೆಲಿನವರು ನಡುವೆ ಸಿಕ್ಕಿಬಿದ್ದಿದ್ದಾರೆ.

ಪಾವ್ ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಬಂತು, ಮುಂಬೈಯಲ್ಲಿ ಗೋವಾದವರ, ಇರಾನಿಗಳ ಬೇಕರಿಗಳಲ್ಲಿ ಬೆಳೆಯಿತು. 1955ರಲ್ಲಿ ಸಿಲಿಂಡರ್ ಗ್ಯಾಸ್ ದೇಶದಲ್ಲೇ ಮೊದಲು ಇಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಪೈಪ್ ಗ್ಯಾಸೂ ಬಂತು. ಮನೆಗಳ ಒಲೆ ಬದಲಾಯಿತು. ಎಷ್ಟೋ ಭಟ್ಟಿಗಳು ಸೌದೆಯಲ್ಲೇ ಉಳಿದವು.

ಸೌದೆ ಅಗ್ಗ ಅನ್ನೋದು ಒಂದು ಕಾರಣ. ಇನ್ನೊಂದು, ಇಟ್ಟಿಗೆಯ ಭಟ್ಟಿ ಬಿಟ್ಟುಕೊಡಲು ಮನಸ್ಸಿಲ್ಲ: ಅದರೊಳಗೆ ಪಾವ್ ಬೇಯಿಸುವುದು ಉರಿಯಲ್ಲ, ಇಟ್ಟಿಗೆ. ಮೊದಲು ಸೌದೆ ಉರಿಸಿ ಗೋಡೆ, ನೆಲ, ಕಮಾನು ಎಲ್ಲ ಕಾಯಿಸುತ್ತಾರೆ. ಕೆಂಡ ಬದಿಗೆ ತಳ್ಳಿ, ನೆಲ ಗುಡಿಸಿ, ಒಂದು ಚಿಟಿಕೆ ಹಿಟ್ಟು ಎರಚಿ ನೋಡುತ್ತಾರೆ. ತಕ್ಷಣ ಕರಿದಾದರೆ ಕಾವು ತಗ್ಗುವವರೆಗೆ ಕಾಯಬೇಕು. ನಿಧಾನಕ್ಕೆ ಕಂದಿದರೆ ಉದ್ದ ಹಿಡಿಯ ಹಲಗೆಯಲ್ಲಿ ತಟ್ಟೆಗಳು ಒಳಗೆ. ಅಡಿಯಿಂದ ನೆಲದ ಕಾವು, ಮೇಲಿಂದ ಕಮಾನಿನ ಝಳ. ಹಿಟ್ಟಿನ ನೀರೇ ಆವಿಯಾಗಿ ಒಳಗೆ ನಿಂತು ಮೇಲಿನ ಪದರ ಬೇಗ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಬಾಯಿ ತೆರೆದಾಗ ಬಿಸಿಗಾಳಿ ಹೊರಗೆ ಹೋಗುತ್ತದೆ, ಇಟ್ಟಿಗೆಯ ಬಿಸಿ ಹೋಗುವುದಿಲ್ಲ. ತೆಳು ತಗಡಿನ ಓವನ್‌ನಲ್ಲಿ ಗಾಳಿಯ ಜೊತೆ ಅರ್ಧ ಕೆಲಸವೇ ಹೊರಗೆ ಹೋದಂತೆ.

ಇದು ನಮ್ಮ ದೋಸೆ ಭಟ್ಟರಿಗೆ ಹೊಸದಲ್ಲ. ದಪ್ಪ ಕಬ್ಬಿಣದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಮೇಲ್ಮೈ ತಣಿಸಿ ಹಿಟ್ಟು ಹುಯ್ಯುತ್ತಾರೆ. ಅಡಿಯಲ್ಲಿ ಉಳಿದ ಕಾವು ಕೂಡಲೇ ಮೇಲೆ ಬರುತ್ತದೆ. ತೆಳು ತವಾ ಹಾಗೇ ತಣ್ಣಗಾಗಿ ದೋಸೆ ಬಿಳುಚುತ್ತದೆ, ಅಲ್ವಾ? ಇಲ್ಲಿ ಉರಿ ಯಾವುದರದ್ದು ಅಂತ ಯಾರೂ ಕೇಳುವುದಿಲ್ಲ. ಗ್ಯಾಸೇ ಇರಲಿ, ಕಬ್ಬಿಣದ ಪಾತ್ರೆಯೊಳಗೇ ಬಿಸಿ ಹುಟ್ಟಿಸುವ ಇಂಡಕ್ಷನ್ನೇ ಇರಲಿ, ದಪ್ಪ ಇದ್ದರೆ ಸಾಕು.

ತಂದೂರಿನ ಲೆಕ್ಕ ಸ್ವಲ್ಪ ಬೇರೆ. ರೊಟ್ಟಿ ಬೇಯಿಸುವುದು ಕಾದ ಮಣ್ಣಿನ ಗೋಡೆ. ಹೊಗೆಯ ಘಮ ಮಾತ್ರ ಮಾಂಸದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಬರುವುದು. ಅಂದರೆ ಕಬಾಬಿನವರ ದೂರಿನಲ್ಲಿ ಹುರುಳಿದೆ, ರೊಟ್ಟಿಯವರದ್ದರಲ್ಲಿ ಅಷ್ಟಿಲ್ಲ.

ಹೊಗೆ ವಿಷಯಕ್ಕೆ ಬಂದರೆ, 2023ರಲ್ಲಿ ನಗರದ ಗಾಳಿ ಕೆಟ್ಟಾಗ ಬಾಂಬೆ ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. 2025ರ ಜನವರಿಯಲ್ಲಿ, ಸೌದೆ ಮತ್ತು ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಸ್ವಚ್ಛ ಇಂಧನಕ್ಕೆ ಹೋಗಬೇಕು ಎಂದಿತು. ಫೆಬ್ರವರಿಯಲ್ಲಿ ಪಾಲಿಕೆಯ ನೋಟಿಸು ತಂದೂರುಗಳಿಗೂ ಬಂತು. ಆದೇಶ ಸುಮ್ನೆ ಬಂದದ್ದಲ್ಲ. ಕೆಲವು ಭಟ್ಟಿಗಳಿಗೆ ಒಣ ಸೌದೆಯ ಬದಲು ಹಳೇ ಬಾಗಿಲು, ಪ್ಲೈವುಡ್ ತುಂಡು ಹೋಗುತ್ತಿತ್ತು. ಅಂಟು, ಬಣ್ಣ ಉರಿದ ಹೊಗೆ ಯಾರ ಗಂಟಲಿಗೂ ಒಳ್ಳೆಯದಲ್ಲ.

ಇಟ್ಟಿಗೆ ಉಳಿಸಿಕೊಂಡು ಉರಿ ಬದಲಿಸುವ ದಾರಿ ಇದೆ: ಹಳೇ ಭಟ್ಟಿಗೇ ಗ್ಯಾಸ್ ಬರ್ನರ್, ಅಥವಾ ಕಲ್ಲಿನ ನೆಲದ ಕರೆಂಟ್ ಓವನ್. ಆದರೆ ಬರ್ನರ್ ಕೂರಿಸಲು ಭಟ್ಟಿಯ ಒಳಭಾಗ ತೆಗೆದು ಕಟ್ಟಬೇಕಾಗಬಹುದು. ಅಷ್ಟು ದಿನ ಪಾವ್ ಇಲ್ಲ. ಹಳೇ ಕಟ್ಟಡದ ಇಕ್ಕಟ್ಟಿನಲ್ಲಿ ಪೈಪ್ ಎಳೆಯಲು ಮಾಲೀಕನ ಒಪ್ಪಿಗೆ ಬೇಕು. ದೊಡ್ಡ ಬೇಕರಿಗಳು ಹೇಗೋ ತೂಗಿಸುತ್ತವೆ. ಒಂದೇ ಭಟ್ಟಿ ನಂಬಿದ ಚಿಕ್ಕವರಿಗೆ ಆ ಆರು ತಿಂಗಳು ಜಾಸ್ತಿ ಸಮಯವೇನಾಗಿರಲಿಲ್ಲ.