ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಸ್ಟ್ರೀಮ್ ಕಂಪ್ಲೀಟ್ ಆದಂತಲ್ಲ

ಪರದೆಯ ಮೇಲೆ ಲೋಡಿಂಗ್ ಚಕ್ರ ತಿರುಗುತ್ತಿದೆ. ಅದನ್ನು ನಿಲ್ಲಿಸುವ ಸಾಲು, ಸ್ಟ್ರೀಮ್ ಮುಗಿದಾಗ ಓಡುವ ಕಂಪ್ಲೀಟ್ ಕಾಲ್‌ಬ್ಯಾಕ್‌ನೊಳಗಿದೆ. ಉತ್ತರ ಬರುವ ಮುನ್ನವೇ ಬಳಕೆದಾರರು ರದ್ದು ಗುಂಡಿ ಒತ್ತುತ್ತಾರೆ, ಕೋಡ್ ಅನ್‌ಸಬ್‌ಸ್ಕ್ರೈಬ್ ಮಾಡುತ್ತದೆ, ಆದರೂ ಚಕ್ರ ನಿಲ್ಲುವುದಿಲ್ಲ. ಆರ್‌ಎಕ್ಸ್‌ಜೆಎಸ್ (ಒಂದಾದ ಮೇಲೊಂದು ಬರುವ ಮೌಲ್ಯಗಳನ್ನು ಸ್ಟ್ರೀಮ್ ಆಗಿ ನಿಭಾಯಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸುವ ಕೋಡ್‌ನಲ್ಲಿ ಈ ದೋಷ ಸುಲಭವಾಗಿ ನುಸುಳುತ್ತದೆ. ಅನ್‌ಸಬ್‌ಸ್ಕ್ರೈಬ್ ಮಾಡಿದಾಗ ಕಂಪ್ಲೀಟ್ ಕಾಲ್‌ಬ್ಯಾಕ್ ಓಡುವುದೇ ಇಲ್ಲ.

ಈ ಎರಡು ಸಂಕೇತಗಳ ದಿಕ್ಕೇ ಬೇರೆ. ಇನ್ನು ಕೊಡಲು ಏನೂ ಇಲ್ಲ ಎಂದು ಮೂಲವು ಕೇಳುಗನಿಗೆ ತಿಳಿಸುವುದು ಕಂಪ್ಲೀಟ್. ನನಗೆ ಇನ್ನು ಬೇಡ ಎಂದು ಕೇಳುಗ ಮೂಲಕ್ಕೆ ತಿಳಿಸುವುದು ಅನ್‌ಸಬ್‌ಸ್ಕ್ರೈಬ್. ಕಂಪ್ಲೀಟ್, ಎರರ್, ಅನ್‌ಸಬ್‌ಸ್ಕ್ರೈಬ್ ಈ ಮೂರರಲ್ಲಿ ಯಾವುದು ನಡೆದರೂ ಓಡುವುದು ಫೈನಲೈಸ್ ಎಂಬ ಆಪರೇಟರ್ (ಸ್ಟ್ರೀಮ್‌ಗೆ ಜೋಡಿಸುವ ಫಂಕ್ಷನ್). ಚಕ್ರ ನಿಲ್ಲಿಸುವ ಸಾಲಿನ ಜಾಗ ಅದು.

ಕಂಪ್ಲೀಟ್‌ಗಾಗಿ ಕಾದು ಕೂರುವ ಆಪರೇಟರ್‌ಗಳಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. 1000 ಮಿಲಿಸೆಕೆಂಡಿಗೊಂದು ಸಂಖ್ಯೆ ಕೊಡುವ ಇಂಟರ್ವಲ್‌ಗೆ, ಬಂದದ್ದನ್ನೆಲ್ಲ ಕೂಡಿಟ್ಟು ಕಂಪ್ಲೀಟ್ ಆದಾಗ ಪಟ್ಟಿಯಾಗಿ ಕೊಡುವ ಟುಅರೇ ಜೋಡಿಸಿ, 5500ನೇ ಮಿಲಿಸೆಕೆಂಡಿಗೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಏನೂ ಸಿಗುವುದಿಲ್ಲ, ಕೂಡಿಟ್ಟ ಐದೂ ಸಂಖ್ಯೆಗಳು ಹೋದವು. ಅದರ ಬದಲು ಟುಅರೇಗೆ ಮುಂಚೆ ಟೇಕ್‌ಅಂಟಿಲ್ ಇಟ್ಟು, ಅದಕ್ಕೆ 5500ರ ಟೈಮರ್ ಕೊಟ್ಟರೆ 0ಯಿಂದ 4ರವರೆಗಿನ ಪಟ್ಟಿ ಕೈಗೆ ಬರುತ್ತದೆ. ಟೇಕ್‌ಅಂಟಿಲ್ ಮೇಲಿನ ಮೂಲವನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ, ಕೆಳಗಿನವರಿಗೆ ಕಂಪ್ಲೀಟ್ ಕಳಿಸುತ್ತದೆ. ಅದು ಇಷ್ಟು ಉಪಯುಕ್ತವಾಗಿರುವುದೇ ಹೀಗೆ ಎರಡೂ ಕೆಲಸ ಮಾಡುವುದರಿಂದ.

ಆದರೆ ಅದನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಬರುವ ಪ್ರತಿ ಮೌಲ್ಯಕ್ಕೂ ಒಳಗೊಂದು ಹೊಸ ಸ್ಟ್ರೀಮ್ ತೆರೆಯುವ ಸ್ವಿಚ್‌ಮ್ಯಾಪ್‌ಗಿಂತ ಮೊದಲು ಇಟ್ಟರೆ ಹೊರಗಿನ ಸ್ಟ್ರೀಮ್ ಮಾತ್ರ ಮುಗಿಯುತ್ತದೆ. ಆಗಲೇ ಶುರುವಾಗಿರುವ ಒಳಗಿನ ಇಂಟರ್ವಲ್ ಓಡುತ್ತಲೇ ಇರುತ್ತದೆ, ಮೆಮೊರಿ ಸೋರುತ್ತದೆ. ಹಾಗಾಗಿ ಹೊಸ ಸ್ಟ್ರೀಮ್ ತೆರೆಯುವ ಆಪರೇಟರ್‌ಗಳ ನಂತರ ಟೇಕ್‌ಅಂಟಿಲ್, ಅದಾದ ಮೇಲೆ ಕಂಪ್ಲೀಟ್‌ಗಾಗಿ ಕಾಯುವ ಟುಅರೇ, ರಿಡ್ಯೂಸ್‌ನಂಥವು. ಇನ್ನೊಂದು ಎಡವಟ್ಟು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ಟೇಕ್‌ಅಂಟಿಲ್‌ಗೆ ಕೊಟ್ಟ ಸಬ್ಜೆಕ್ಟ್ (ನೆಕ್ಸ್ಟ್ ಕರೆದು ನಾವೇ ಮೌಲ್ಯ ಕಳಿಸಬಹುದಾದ ಸ್ಟ್ರೀಮ್) ಮೇಲೆ ಬರೀ ಕಂಪ್ಲೀಟ್ ಕರೆದರೆ ಏನೂ ನಿಲ್ಲುವುದಿಲ್ಲ. ಅದು ಕಾಯುವುದು ನೆಕ್ಸ್ಟ್‌ಗೆ. ಮೊದಲು ನೆಕ್ಸ್ಟ್, ಆಮೇಲೆ ಬೇಕಿದ್ದರೆ ಕಂಪ್ಲೀಟ್.

ಹಲವರು ಹಂಚಿಕೊಂಡ ಸಬ್ಜೆಕ್ಟ್ ಇದ್ದಾಗ ಹುಷಾರಾಗಿರಬೇಕು. ಒಬ್ಬ ಕೇಳುಗ ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಉಳಿದವರಿಗೆ ತೊಂದರೆಯಿಲ್ಲ. ಯಾವುದೋ ಒಂದು ಕಾಂಪೊನೆಂಟ್ ಆ ಸಬ್ಜೆಕ್ಟನ್ನೇ ಕಂಪ್ಲೀಟ್ ಮಾಡಿದರೆ ಎಲ್ಲರಿಗೂ ಬಾಗಿಲು ಮುಚ್ಚಿತು. ಆಮೇಲೆ ಎಷ್ಟು ನೆಕ್ಸ್ಟ್ ಕರೆದರೂ ಸದ್ದಿಲ್ಲದೆ ಬಿದ್ದುಹೋಗುತ್ತವೆ, ಎರರ್ ಕೂಡ ಬರುವುದಿಲ್ಲ. ಸಬ್ಜೆಕ್ಟನ್ನು ಹಾಗೇ ಹೊರಗೆ ಕೊಡದೆ ಕೇಳಲಷ್ಟೇ ಬಿಡುವ ಆಸ್‌ಅಬ್ಸರ್ವಬಲ್ ಮೂಲಕ ಕೊಡುವುದು ಇದಕ್ಕೇ.

ಆರ್‌ಎಕ್ಸ್‌ಜೆಎಸ್ ಬಳಸುವ ವೆಬ್ ಫ್ರೇಮ್‌ವರ್ಕ್ ಆಂಗ್ಯುಲರ್‌ನ ಎಚ್‌ಟಿಟಿಪಿ ಕೋರಿಕೆಗಳು ಸಾಮಾನ್ಯವಾಗಿ ಉತ್ತರ ಕೊಟ್ಟು ತಾವೇ ಕಂಪ್ಲೀಟ್ ಆಗುತ್ತವೆ. ನಡುವೆ ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಬ್ರೌಸರ್ ಕೋರಿಕೆಯನ್ನು ಕಡಿದುಹಾಕುತ್ತದೆ. ಹುಡುಕಾಟದಂಥ ಓದುವ ಕೋರಿಕೆಗೆ ಅದು ಸರಿ. ಹಣ ಪಾವತಿಯಂಥ ಕೋರಿಕೆ ಅಷ್ಟರಲ್ಲಿ ಸರ್ವರ್ ತಲುಪಿ ಕೆಲಸ ಮುಗಿಸಿರಲೂಬಹುದು, ಆದ್ದರಿಂದ ಅಲ್ಲಿ ಅನ್‌ಸಬ್‌ಸ್ಕ್ರೈಬನ್ನು ರದ್ದತಿ ಎಂದು ಪರದೆಯ ಮೇಲೆ ತೋರಿಸಬಾರದು. ಪಾವತಿಯ ಸ್ಥಿತಿಯನ್ನು ಸರ್ವರ್‌ಗೆ ಮತ್ತೆ ಕೇಳಿ ತಿಳಿದುಕೊಳ್ಳಬೇಕು.